ಕೆಂಗೇರಿಯಲ್ಲಿ ರೈಲು ಬಿಟ್ಟ ಸಂಜೆ

ನಾವು ರಾಜಾಜಿನಗರಕ್ಕೆ ಬಂದಾಗ ನನ್ನ ಗಂಡನಿಗೆ ಇನ್ನೂ ಅರ್ಧ ಕಣ್ಣು ಕಾಣುತ್ತಿತ್ತು. ಐವತ್ತರ ದಶಕದ ಮೊದಲ ವರ್ಷಗಳು. ಬಡಾವಣೆ ಇನ್ನೂ ಪೂರ್ತಿ ಎದ್ದಿರಲಿಲ್ಲ. ರಸ್ತೆಗಳಿಗೆ ಗೆರೆ ಹಾಕಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು. ಎಲ್ಲಿ ನೋಡಿದರೂ ಜಲ್ಲಿ ರಾಶಿ, ಕೆಂಪು ಧೂಳು. ನೆರಳು ಕೊಡುವಂಥ ಒಂದು ಮರವೂ ನಮ್ಮ ಬೀದಿಯಲ್ಲಿರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಇಬ್ಬರು ಕೂರುವಷ್ಟು ಜಗಲಿ. ಅಷ್ಟೇ ನಮ್ಮ ಬಾಡಿಗೆ ಮನೆ.

ಅವರು ಪೇಟೆಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಇಡೀ ದಿನ ಸೀಸದ ಅಕ್ಷರಗಳನ್ನು ತಿರುಗುಮುರುಗಾಗಿ ಓದುವ ಕೆಲಸ. ಮೊದಮೊದಲು ಒತ್ತಕ್ಷರಗಳು ಮಸುಕಾಗುತ್ತವೆ ಅಂದರು. ಆಮೇಲೆ ಸಾಲುಗಳು. ಒಂದು ದಿನ ಬೆಳಗ್ಗೆ ಹತ್ತು ಗಂಟೆಗೇ ಮನೆಗೆ ಬಂದು, ಚಪ್ಪಲಿ ಬಿಚ್ಚದೆ ಗೋಡೆಗೆ ಒರಗಿ ಕೂತರು. "ನಾಳೆಯಿಂದ ಬರಬೇಡ ಅಂದ್ರು ಕಣೇ" ಅಂದರು. ಆಗ ಅವರಿಗೆ ಮೂವತ್ತಮೂರು ವರ್ಷ, ನನಗೆ ಇಪ್ಪತ್ತಾರು.

ಮದುವೆಗೆ ಮೊದಲು ನಾನು ಶಾಲೆಯ ಮೇಡಮ್ಮನಾಗುವ ತರಬೇತಿ ಮುಗಿಸಿದ್ದೆ. ಟ್ರಂಕಿನ ತಳದಲ್ಲಿದ್ದ ಸರ್ಟಿಫಿಕೇಟು ಹೊರಗೆ ಬಂತು. ಕೆಲಸ ಸಿಕ್ಕಿದ್ದು ಕೆಂಗೇರಿಯ ಪ್ರೈಮರಿ ಶಾಲೆಯಲ್ಲಿ. ಬೆಳಗ್ಗೆ ಬೀದಿ ನಲ್ಲಿಯಲ್ಲಿ ನೀರು ಹಿಡಿದು, ಮುದ್ದೆ ಸಾರು ಮಾಡಿ, ಅವರಿಗೆ ಕೈಗೆ ಸಿಗುವ ಹಾಗೆ ತಟ್ಟೆ ಮುಚ್ಚಿಟ್ಟು, ಮಾಗಡಿ ರಸ್ತೆಯವರೆಗೆ ನಡೆದು, ಬಸ್ಸು ಹತ್ತಿ ಸಿಟಿ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಮೈಸೂರು ಕಡೆಯ ಪ್ಯಾಸೆಂಜರ್ ಹಿಡಿಯಬೇಕು. ಸಂಜೆ ಅದೇ ದಾರಿ ವಾಪಸ್ಸು. ಮನೆಗೆ ಬಂದರೆ ಅವರು ಬೆಳಗ್ಗೆ ಕೂತ ಜಾಗದಲ್ಲೇ ಕೂತಿರುತ್ತಿದ್ದರು. ಕೆಲವು ದಿನ ತಟ್ಟೆ ಮುಟ್ಟಿರುತ್ತಿರಲಿಲ್ಲ. ಕೆಲವು ದಿನ ತಟ್ಟೆ ಗೋಡೆಗೆ ಬಡಿದು ಮುದ್ದೆ ನೆಲದ ಮೇಲೆ ಒಣಗಿರುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಒರೆಸುತ್ತಿದ್ದೆ. ಬೈಯಲು ಕೂಡ ತ್ರಾಣವಿರುತ್ತಿರಲಿಲ್ಲ.

ಮೂರು ವರ್ಷ ನಾವು ಕಣ್ಣಿನ ಹಿಂದೆ ಓಡಿದೆವು. ತಿಂಗಳಿಗೊಂದು ಸಲ ಆಸ್ಪತ್ರೆ. ಯಾರೋ ಹೇಳಿದರೆಂದು ನಾಟಿ ಔಷಧಿ, ಇನ್ಯಾರೋ ಹೇಳಿದರೆಂದು ಶನಿವಾರದ ಉಪವಾಸ. ನಾನು ಹೊತ್ತ ಹರಕೆಗಳ ಲೆಕ್ಕ ನನಗೇ ತಪ್ಪಿಹೋಗಿತ್ತು. ಪ್ರತಿ ಬಾರಿಯೂ ಹೊಸ ಔಷಧಿ ಶುರುವಾದ ಮೊದಲ ವಾರ ಅವರು ಕಿಟಕಿಯ ಕಡೆಗೆ ಮುಖ ಮಾಡಿ, "ಇವತ್ತು ಸ್ವಲ್ಪ ಬೆಳಕು ಜಾಸ್ತಿ ಅನ್ಸತ್ತೆ, ಅಲ್ವಾ?" ಅನ್ನುತ್ತಿದ್ದರು. ನಾನು ಹೌದು ಅನ್ನುತ್ತಿದ್ದೆ. ಎರಡನೆಯ ವಾರ ಆ ಮಾತು ನಿಲ್ಲುತ್ತಿತ್ತು. ಮೂರನೆಯ ವಾರ ತಟ್ಟೆ ಹಾರುತ್ತಿತ್ತು.

ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು.

"ನೋಡಿಮ್ಮಾ, ಇನ್ನು ಇವರನ್ನ ಇಷ್ಟು ದೂರ ಕರ್ಕೊಂಡು ಬರಬೇಡಿ. ನರ ಒಣಗಿದೆ. ನಾನು ಔಷಧಿ ಬರ್ಕೊಟ್ರೆ ಅದು ನಿಮ್ಮ ಸಮಾಧಾನಕ್ಕೆ ಅಷ್ಟೆ."

"ಇನ್ನೇನೂ ಇಲ್ವಾ ಡಾಕ್ಟ್ರೇ?"

"ಇಲ್ಲ. ಸುಮ್ನೆ ಆಸೆ ತೋರಿಸಿದ್ರೆ ತಪ್ಪಾಗತ್ತೆ."

ನಾನು ಅಳಬೇಕಿತ್ತು. ಬದಲಿಗೆ, ಬಹಳ ಹೊತ್ತು ಹೊತ್ತಿದ್ದ ಕೊಡವನ್ನು ಯಾರೋ ಸೊಂಟದಿಂದ ಇಳಿಸಿಕೊಂಡ ಹಾಗಾಯಿತು. ಇನ್ನು ಕಾಯುವುದು ಬೇಡ. ಬೆಳಕು ಜಾಸ್ತಿಯಾಯಿತೇ ಎಂದು ಕೇಳಿದರೆ ಹೌದೆನ್ನುವುದು ಬೇಡ. ಹೊರಗೆ ಬಂದು ಅವರ ಕೈ ಹಿಡಿದಾಗ ನನ್ನ ಆ ಹಗುರಕ್ಕೆ ನನಗೇ ನಾಚಿಕೆಯಾಯಿತು. ಗಂಡನ ಕಣ್ಣು ಹೋದದ್ದಕ್ಕೆ ನಿರಾಳವಾಗುವ ಹೆಂಗಸು ಎಂಥವಳು? ದಾರಿಯಲ್ಲಿ ನಿಜ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಅಂದು ಮಾತ್ರವಲ್ಲ, ಹನ್ನೊಂದು ದಿನ ಮಾತಾಡಲಿಲ್ಲ.

ಹನ್ನೆರಡನೆಯ ದಿನ ನಾನು ಕೆಂಗೇರಿಯಲ್ಲಿ ರೈಲು ಬಿಟ್ಟೆ.

ತಪ್ಪಿಸಿಕೊಂಡದ್ದಲ್ಲ, ಬಿಟ್ಟದ್ದು. ಶಾಲೆ ಮುಗಿಸಿ ಐದಕ್ಕೆ ಮುಂಚೆಯೇ ಸ್ಟೇಷನ್‌ಗೆ ಬಂದಿದ್ದೆ. ರೈಲು ಬಂತು, ನಿಂತಿತು. ಜನ ಇಳಿದರು, ಹತ್ತಿದರು. ನಾನು ಕಲ್ಲುಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತಿದ್ದೆ. ಏಳು ಅಂತ ಕಾಲಿಗೆ ಹೇಳಿದೆ. ಕಾಲು ಏಳಲಿಲ್ಲ. ರೈಲು ಹೊರಟುಹೋಯಿತು. ಮುಂದಿನದು ಬರುವುದು ಏಳು ಗಂಟೆಯ ಮೇಲೆ.

ಪ್ಲಾಟ್‌ಫಾರಂ ಖಾಲಿಯಾದ ಮೇಲೆ, ಸೀಬೆಹಣ್ಣು ಮಾರುವ ಮುದುಕಿ ತನ್ನ ಬುಟ್ಟಿ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೆಳಗೆ ಕೂತಳು. ದಿನಾ ನನ್ನನ್ನು ನೋಡುತ್ತಿದ್ದವಳು.

"ಯಾಕವ್ವಾ ಮೇಡಮ್ಮಾ, ರೈಲು ಬುಟ್ಬುಟ್ಟೆ?"

"ಸುಸ್ತಾಯ್ತು ಅಜ್ಜಿ" ಅಂದೆ. ಅಂದದ್ದೇ ತಡ, ಕಣ್ಣಲ್ಲಿ ನೀರು ಇಳಿಯತೊಡಗಿತು.

"ಸುಸ್ತಾದ್ರೆ ಕೂತ್ಕೊ. ಅದುಕ್ಯಾಕೆ ಅಳ್ತೀಯ?" ಅಂದಳು ಅವಳು, ನಿಜವಾಗಿಯೂ ಅರ್ಥವಾಗದವಳ ಹಾಗೆ. ಮತ್ತೇನೂ ಕೇಳಲಿಲ್ಲ. ಉಳಿದ ಹಣ್ಣುಗಳಲ್ಲಿ ಗಿಳಿ ಕಚ್ಚಿದ್ದನ್ನು ಬೇರೆ ಮಾಡಿ, ಅದರಲ್ಲೊಂದನ್ನು ನನ್ನ ಕೈಗೆ ಕೊಟ್ಟು, ಊರಿನ ಕಡೆ ನಡೆದುಹೋದಳು.

ಆ ಎರಡು ಗಂಟೆ ನಾನು ಯಾರ ಹೆಂಡತಿಯೂ ಆಗಿರಲಿಲ್ಲ, ಯಾರ ಮೇಡಮ್ಮನೂ ಆಗಿರಲಿಲ್ಲ. ಏನನ್ನೂ ಯೋಚಿಸಿದ ನೆನಪಿಲ್ಲ. ಹಳಿಯ ಆಚೆ ರಾಗಿ ಹೊಲದಲ್ಲಿ ಗಾಳಿ ಬೀಸುತ್ತಿತ್ತು. ಹಣ್ಣು ತಿಂದೆ. ಬೀಜ ಹಲ್ಲಿಗೆ ಸಿಕ್ಕಿಕೊಂಡಿತು. ಸುಸ್ತು ಹೋಗಲಿಲ್ಲ, ಆದರೆ ಅದರ ಜೊತೆ ಜಗಳವಾಡುವುದು ನಿಂತುಹೋಯಿತು. ನಾನು ದಣಿದಿದ್ದೇನೆ, ಅಷ್ಟೆ. ಅದು ಅಪರಾಧವೇನಲ್ಲ ಎಂದು ಮೊದಲ ಸಲ ಅನ್ನಿಸಿತು.

ಮನೆ ಮುಟ್ಟಿದಾಗ ಜಗಲಿಯ ಮೇಲೆ ಲಾಟೀನು ಹಿಡಿದು ಪಕ್ಕದ ಮನೆಯಾಕೆ ನಿಂತಿದ್ದರು. ನಾನು ಬರಲಿಲ್ಲವೆಂದು ನನ್ನ ಗಂಡ ಗೋಡೆ ಹಿಡಿದುಕೊಂಡು ಬೀದಿಗಿಳಿದು, ಜಲ್ಲಿ ರಾಶಿಯ ಮೇಲೆ ಬಿದ್ದಿದ್ದರಂತೆ. ಮೊಣಕಾಲು, ಅಂಗೈ ಕಿತ್ತು ಹೋಗಿತ್ತು. ಪಕ್ಕದ ಮನೆಯಾಕೆಯೇ ಎತ್ತಿ ಕೂರಿಸಿ ಅರಿಸಿನ ಹಚ್ಚಿದ್ದರು. ಆಕೆ ಹೋದ ಮೇಲೆ ನಾವಿಬ್ಬರೇ ಉಳಿದೆವು.

"ಎಲ್ಲಿ ಹೋಗಿದ್ದೆ?" ಹನ್ನೊಂದು ದಿನದ ಮೇಲೆ ಬಂದ ಮೊದಲ ಮಾತು.

ರೈಲು ತಡವಾಯಿತು ಎಂದು ಹೇಳಬಹುದಿತ್ತು. ಬಾಯಿಗೂ ಬಂದಿತ್ತು. "ಎಲ್ಲೂ ಇಲ್ಲ. ಸ್ಟೇಷನ್‌ನಲ್ಲಿ ಕೂತಿದ್ದೆ."

"ರೈಲು ಬರ್ಲಿಲ್ವಾ?"

"ಬಂತು. ನಾನೇ ಹತ್ತಲಿಲ್ಲ. ಮನೆಗೆ ಬರೋಕೆ ಮನಸ್ಸಾಗ್ಲಿಲ್ಲ ರೀ."

ತಟ್ಟೆ ಹಾರುತ್ತದೆಂದು ಕಾದೆ. ಅವರು ಅರಿಸಿನ ಹತ್ತಿದ ಅಂಗೈಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿಕೊಂಡರು.

"ನಂಗೂ ಇಲ್ಲಿರೋಕೆ ಮನಸ್ಸಿಲ್ಲ ಕಣೇ" ಅಂದರು ಆಮೇಲೆ. "ಆದ್ರೆ ಬಿಟ್ಬಿಡೋಣ ಅಂದ್ರೆ ನಂಗೆ ರೈಲೇ ಇಲ್ಲ."

ನಮ್ಮಲ್ಲಿ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಗು ಅಂತ ಅದನ್ನು ಕರೆಯಬಹುದೋ ಇಲ್ಲವೋ. ಮೂರು ವರ್ಷದಲ್ಲಿ ನಮ್ಮ ಮನಸ್ಸಿನ ಬಗ್ಗೆ ನಾವು ಒಬ್ಬರಿಗೊಬ್ಬರು ಹೇಳಿಕೊಂಡ ಮೊದಲ ನಿಜ ಅದು. ಊಟ ಬಡಿಸಿದೆ. ಉಣ್ಣುವಾಗ ಅವರು, "ನಾಳೆಯಿಂದ ಬಂದ ತಕ್ಷಣ ಒಳಗೆ ಬರಬೇಡ. ಜಗಲಿ ಮೇಲೆ ಕೂತ್ಕೊ. ಎಷ್ಟು ಹೊತ್ತು ಬೇಕೋ ಅಷ್ಟು. ನಾನು ಕರೆಯಲ್ಲ" ಅಂದರು.

ಮಾತು ಉಳಿಸಿಕೊಂಡರು. ನಾನು ಬಂದು ಚೀಲ ಕೆಳಗಿಟ್ಟ ಸದ್ದು ಅವರಿಗೆ ಕೇಳುತ್ತಿತ್ತು. ಒಳಗೆ ಕೆಮ್ಮು ಬಂದರೂ ಮೆಲ್ಲಗೆ ಕೆಮ್ಮುತ್ತಿದ್ದರು. ನಾನು ಕಾಲು ಚಾಚಿ ಕೂತು ಬೀದಿ ನೋಡುತ್ತಿದ್ದೆ. ಪ್ರಾರ್ಥನೆ ಮಾಡಲಿಲ್ಲ, ಜಪ ಮಾಡಲಿಲ್ಲ. ಹರಕೆಗಳನ್ನೆಲ್ಲ ಆ ವೇಳೆಗೆ ಕೈಬಿಟ್ಟಿದ್ದೆ, ದೇವರ ಮೇಲೆ ಕೋಪವೂ ಉಳಿದಿರಲಿಲ್ಲ. ಕಾಲು ಗಂಟೆ, ಕೆಲವು ಸಲ ಅರ್ಧ ಗಂಟೆ. ಮೈ ತಣ್ಣಗಾದ ಮೇಲೆ ಒಳಗೆ ಹೋದರೆ, ಒಳಗಿರುವುದನ್ನು ಇರುವ ಹಾಗೆಯೇ ನೋಡಲು ಆಗುತ್ತಿತ್ತು. ಅವರೂ ಮೆಲ್ಲಮೆಲ್ಲಗೆ ಕೋಣೆಯನ್ನು ಕೈಯಲ್ಲಿ ಕಲಿತರು. ಬಟ್ಟೆ ಮಡಿಸಿಡುತ್ತಿದ್ದರು, ಅಕ್ಕಿ ತೊಳೆದಿಡುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿತ್ತು. ಒಮ್ಮೊಮ್ಮೆ ಮತ್ತೆ ತಟ್ಟೆ ಹಾರಿದ್ದೂ ಉಂಟು.

ಮಾರನೆಯ ವರ್ಷ ತುಮಕೂರು ಕಡೆಯ ಹಳ್ಳಿಯಿಂದ ಅವರ ಅಣ್ಣ ಬಂದರು. ಜಮೀನು ನೋಡಿಕೊಂಡಿದ್ದವರು, ಕೆಟ್ಟವರಲ್ಲ. ಆದರೆ ತಮ್ಮನು ಎದುರಿಗೇ ಕೂತಿದ್ದರೂ ಅವನಿಲ್ಲವೇನೋ ಎಂಬ ಹಾಗೆ ನನಗೆ ಹೇಳಿದರು.

"ಇಲ್ಲಿ ಯಾಕಮ್ಮಾ ಹಿಂಗೆ ಒದ್ದಾಡ್ತೀಯ? ಇವನ್ನ ನಾನು ಊರಿಗೆ ಕರ್ಕೊಂಡೋಗ್ತೀನಿ. ಒಂದು ಮೂಲೇಲಿ ಬಿದ್ದಿರ್ತಾನೆ. ನೀನು ತೌರಿಗೆ ಹೋಗಿ ಹಾಯಾಗಿರು. ಇನ್ನೂ ಚಿಕ್ಕವಳು."

ಒಂದು ವರ್ಷದ ಹಿಂದೆಯಾಗಿದ್ದರೆ ನಾನು ಅಡುಗೆಮನೆಗೆ ಓಡಿಹೋಗಿ ಬಿಕ್ಕುತ್ತಿದ್ದೆ. ಅಥವಾ, ಸುಳ್ಳೇಕೆ ಹೇಳಲಿ, ಹೂಂ ಅನ್ನುತ್ತಿದ್ದೆನೋ ಏನೋ. ಆ ದಿನ ಕೂತಲ್ಲೇ ಕೂತು ಕಾಫಿ ಲೋಟವನ್ನು ಭಾವನ ಮುಂದಕ್ಕೆ ಸರಿಸಿದೆ. ನನ್ನ ದನಿ ನನಗೇ ಬೇರೆಯವರದ್ದರ ಹಾಗೆ ಕೇಳಿಸಿತು.

"ಕಾಫಿ ಆರೋಗ್ತದೆ, ಕುಡೀರಿ ಭಾವ. ಅವರನ್ನೇ ಕೇಳಿ, ಇಲ್ಲೇ ಇದಾರಲ್ಲ. ಅವರು ಬರ್ತೀನಿ ಅಂದ್ರೆ ಕಳಿಸ್ಕೊಡ್ತೀನಿ. ನಾನು ಮಾತ್ರ ತೌರಿಗೆ ಹೋಗಲ್ಲ. ನಂಗೆ ನಾಳೆ ಸ್ಕೂಲಿದೆ."

ಭಾವ ತಮ್ಮನ ಕಡೆ ತಿರುಗಿದರು. "ಏನೋ, ಬರ್ತೀಯೇನೋ?"

"ಇಲ್ಲ ಕಣಣ್ಣಾ" ಅಂದರು ಅವರು. "ಇಲ್ಲಿ ಎಲ್ಲಿ ಎಡವ್ತೀನಿ ಅಂತ ನಂಗೊತ್ತು. ಅಲ್ಲಿ ಹೊಸದಾಗಿ ಕಲೀಬೇಕು."

ಭಾವ ಕಾಫಿ ಕುಡಿದು, ತಂದಿದ್ದ ರಾಗಿಯ ಮೂಟೆಯನ್ನು ಒಳಗಿಟ್ಟು, ಸಂಜೆಯ ಬಸ್ಸಿಗೆ ಹೋದರು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ನನಗೆ ರಾಜಾಜಿನಗರದ ಶಾಲೆಗೇ ವರ್ಗವಾಯಿತು. ಅವರು ಇನ್ನೂ ಹದಿನೆಂಟು ವರ್ಷ ಬದುಕಿದರು. ಕಣ್ಣು ಬರಲಿಲ್ಲ, ಮಕ್ಕಳಾಗಲಿಲ್ಲ, ನನ್ನ ದಣಿವೂ ಪೂರ್ತಿ ಹೋಗಲಿಲ್ಲ. ಅದು ಮೈಗೆ ಅಂಟಿಕೊಂಡ ಹಳೆಯ ಸೀರೆಯ ಹಾಗೆ ಜೊತೆಗೇ ಇತ್ತು.

ಭಾವ ಬಂದುಹೋದ ಮುಂದಿನ ಭಾನುವಾರದ ಒಂದು ನೆನಪಿದೆ. ಅವರೆಕಾಯಿಯ ಕಾಲ. ಶನಿವಾರ ಸಂಜೆ ಬಡಾವಣೆ ಮುಗಿದು ಹೊಲ ಶುರುವಾಗುವ ಕಡೆ ಒಬ್ಬ ರೈತನಿಂದ ಸೊಗಡಿನ ಕಾಯಿ ತಂದಿದ್ದೆ. ಕಾಳು ಬಿಡಿಸಿ ನೆನೆಹಾಕಿ, ಮಾರನೆಯ ದಿನ ಸಿಪ್ಪೆ ಹಿದುಕಲು ಕೂತವಳಿಗೆ ತೂಕಡಿಕೆ ಬಂತು.

"ಇತ್ತ ಕೊಡು ಬೋಗುಣಿ" ಅಂದರು ಅವರು. "ಅವರೆಕಾಳು ಹಿದುಕೋಕೆ ಕಣ್ಣು ಬೇಕೇನೇ?"

ಕೊಟ್ಟೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಒತ್ತಿದರು. ಮೊದಲನೆಯದು ಚಿಮ್ಮಿ ಎಲ್ಲೋ ಬಿತ್ತು. ಎರಡನೆಯದು ಬೋಗುಣಿಗೇ ಬಿತ್ತು. ನಾನು ಅಲ್ಲೇ ಚಾಪೆಯ ಮೇಲೆ ಅಡ್ಡಾದೆ. ಸಾರಿಗೆ ಮಸಾಲೆ ರುಬ್ಬಬೇಕು, ನೀರು ಹಿಡಿಯಬೇಕು, ಒಗೆಯುವ ಬಟ್ಟೆ ಹಾಗೇ ಇತ್ತು. ಯಾವುದೂ ನನ್ನನ್ನು ಎಬ್ಬಿಸಲಿಲ್ಲ. ಎಚ್ಚರವಾದಾಗ ಬಿಸಿಲು ಗೋಡೆಯಿಂದ ಇಳಿದಿತ್ತು. ನನ್ನ ಮೇಲೆ ಒಂದು ಪಂಚೆ ಹೊದಿಸಿದ್ದರು, ಬೋಗುಣಿ ಅರ್ಧ ತುಂಬಿತ್ತು, ನೆಲದ ತುಂಬಾ ಸಿಪ್ಪೆ.