ನಾನು ಅಳಿಸಲು ಹೇಳಿದ ಕಮೆಂಟು

ನನ್ನ ಅಮ್ಮ ತೀರಿಹೋದ ಮೇಲೆ ಮಗಳು ಫೋನ್ ಮುಟ್ಟುವುದು ಕಡಿಮೆಯಾಗಿದೆ. ಟಿವಿಯ ಪಕ್ಕ ಚಾರ್ಜಿಗೆ ಹಾಕಿದರೆ ಮರುದಿನ ಕಾಲೇಜಿಗೆ ಹೋಗುವವರೆಗೂ ಅದು ಅಲ್ಲೇ. ಹಿಂದೆ ಇದನ್ನೇ ಬಯಸಿ ಎಷ್ಟು ಬೈದಿದ್ದೆ. ಈಗ ಅದು ಅಲ್ಲಿ ಬಿದ್ದಿರುವುದನ್ನು ಕಂಡರೆ ನನಗೆ ಮುಖ ತಿರುಗಿಸಬೇಕು ಅನ್ನಿಸುತ್ತದೆ.

ನಮ್ಮ ಮನೆಮಾತು ತುಳು. ಮನೆ ಮರಾಠಿ ನಾಡಿನ ಠಾಕುರ್ಲಿಯಲ್ಲಿ, ನನ್ನ ಕೆಲಸ ಕೋಪರಿಯ ಒಂದು ವೆಜ್ ಹೋಟೆಲಿನ ಕೌಂಟರಿನಲ್ಲಿ. ಅಪ್ಪನೂ ಹೋಟೆಲಿನವರೇ. ಹಾಗಾಗಿ ಬಾಗಿಲಿಗೆ ಯಾರೇ ಬರಲಿ, ಕೊರಿಯರ್‌ನವನೇ ಆಗಲಿ, ಅಮ್ಮ ಮೊದಲು ಕೇಳುತ್ತಿದ್ದದ್ದು "ವಣಸ್ ಆಂಡಾ?" ಊಟ ಆಯಿತಾ ಎಂದು. ಇಲ್ಲೇ ಹುಟ್ಟಿದ ಮಗಳಿಗೆ ತುಳು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಅಜ್ಜಿ ಮೊಮ್ಮಗಳು ಒಂದೇ ಕೋಣೆಯಲ್ಲಿ ಮಲಗುತ್ತಿದ್ದರೂ ಮಾತು ಅಷ್ಟಕ್ಕಷ್ಟೆ.

ಅದು ಬದಲಾದದ್ದು ರೀಲ್‌ಗಳಿಂದ. ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅಜ್ಜಿಯ ಬೈಗುಳ, ಗಾದೆಗಳನ್ನೆಲ್ಲ ಚಿಕ್ಕ ಚಿಕ್ಕ ವಿಡಿಯೊ ಮಾಡಿ ಹಾಕಲು ಮಗಳು ತುಳು ಮಾತಾಡಲು ಕಲಿತಳು. ಕಾಲೇಜಿನಿಂದ ನೇರ ಮನೆಗೆ ಬರತೊಡಗಿದಳು. ಇಡೀ ಹಗಲು ಕಿಟಕಿಯ ಬಳಿ ಒಬ್ಬರೇ ಕೂರುತ್ತಿದ್ದ ಅಮ್ಮ ಸಂಜೆಯಾದರೆ ಸೀರೆ ಬದಲಿಸುತ್ತಿದ್ದರು.

"ನನ್ನ ಮೋರೆ ಯಾರು ನೋಡ್ತಾರೆ ಮಾರಾಯ್ತಿ, ಒಣಗಿದ ಹಾಗಲಕಾಯಿ!"

"ಫಿಲ್ಟರ್ ಹಾಕ್ತೇನೆ ಅಜ್ಜಿ."

"ಫಿಲ್ಟರ್ ಕಾಫಿಗೆ ಹಾಕು, ನನಗೆ ಬೇಡ."

ಅವರಿಬ್ಬರ ನಗು ಲಿಫ್ಟಿನವರೆಗೂ ಕೇಳುತ್ತಿತ್ತು.

ಆಮೇಲೆ ಆ ವಿಡಿಯೊ ಬಂತು. ಮಗಳು ಊಟ ಮಾಡುತ್ತಿದ್ದಾಳೆ. ಅಮ್ಮ ಅಡುಗೆಮನೆಯಿಂದ ಬಂದು "ವಣಸ್ ಆಂಡಾ?" ಎನ್ನುತ್ತಾರೆ. ಒಳಗೆ ಹೋಗಿ ಮತ್ತೆ ಬಂದು ಅದನ್ನೇ ಕೇಳುತ್ತಾರೆ. ಮತ್ತೆ ಬರುತ್ತಾರೆ. ಮಗಳು ಬಾಯಿ ತುಂಬ ಅನ್ನ ಇಟ್ಟುಕೊಂಡು ಕ್ಯಾಮೆರಾ ಕಡೆ ಕಣ್ಣರಳಿಸುತ್ತಾಳೆ. ಜನ ಮುಗಿಬಿದ್ದು ನೋಡಿದರು. ನಾನೂ ಬಿಲ್ ಕೊಡಲು ಬಂದ ಗಿರಾಕಿಗಳಿಗೆಲ್ಲ "ನಮ್ಮ ಅಮ್ಮ" ಎಂದು ತೋರಿಸಿದೆ. ನಮ್ಮಂಥ ಹೋಟೆಲಿನವರ ಮನೆಯಲ್ಲಿ ಊಟ ಆಯಿತಾ ಎಂದು ಎಷ್ಟು ಸಲ ಕೇಳಿದರೂ ಅದು ಉಪಚಾರವೇ. ಮರೆವು ಎಂದು ನಮಗೆ ಹೊಳೆಯಲಿಲ್ಲ.

ಹೊಳೆದದ್ದು ಗುರುತಿಲ್ಲದ ಒಬ್ಬ ಹೆಂಗಸಿಗೆ. ವಿಡಿಯೊದ ಕೆಳಗೆ ಅವರು ಹಿಂದಿಯಲ್ಲಿ ಬರೆದಿದ್ದರು: ನನ್ನ ಅತ್ತೆಗೂ ಹೀಗೇ ಶುರುವಾಗಿತ್ತು, ಅಜ್ಜಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಮಗಳು ಫೋನ್ ಹಿಡಿದು ನನ್ನ ಬಳಿ ಬಂದಳು.

"ಪಪ್ಪಾ, ಖರಂಚ್ ಅಸೇಲ್ ಕಾ?" ನಿಜ ಇರಬಹುದಾ ಎಂದು.

"ಕಣ್ಣು ಹಾಕುವವರು ಅವರೆಲ್ಲ. ತೆಗೆದುಹಾಕು ಅದನ್ನ," ಎಂದೆ.

ಆ ಕಮೆಂಟನ್ನು ತೆಗೆದಳು. ಆಮೇಲೆ ಜನ ಅಂಥದ್ದೇ ವಿಡಿಯೊ ಇನ್ನಷ್ಟು ಬೇಕು ಎಂದರು. ಅಮ್ಮ ಏನಾದರೂ ಮರೆಯಲಿ ಎಂದು ಮಗಳು ಫೋನ್ ಎತ್ತಿಹಿಡಿದು ಕಾಯತೊಡಗಿದಳು. ಅಮ್ಮ ಮಾತು ಹುಡುಕುತ್ತ ತಡವರಿಸುವಾಗ ಮೊದಲಿನ ಹಾಗೆ ಕೈ ಹಿಡಿಯುತ್ತಿರಲಿಲ್ಲ, ಪರದೆ ನೋಡುತ್ತಿದ್ದಳು. ನಾನು ಎದುರಿಗೇ ಕೂತು ನಗುತ್ತಿದ್ದೆ.

ಒಂದು ಮಧ್ಯಾಹ್ನ ಅಮ್ಮ ಮನೆಯಿಂದ ಹೊರಟು ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಸಿಕ್ಕರು. ಮನೆ ಯಾವ ಕಡೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಕಲ್ಯಾಣದ ಡಾಕ್ಟರು ಇದು ಯಾವಾಗ ಶುರುವಾಯಿತು ಎಂದು ಕೇಳಿದಾಗ ನಾನು, ಹೆಂಡತಿ ತಿಂಗಳು ಎಣಿಸತೊಡಗಿದೆವು. ಮಗಳು ಆ ವಿಡಿಯೊ ತೆಗೆದು ತೋರಿಸಿದಳು. ಹಿನ್ನೆಲೆಯ ಹಾಡು ಜೋರಾಗಿತ್ತು. ಡಾಕ್ಟರು ಪೂರ್ತಿ ನೋಡಿ, ಆಗಲೇ ಕರೆತಂದಿದ್ದರೆ ಔಷಧಿಯಿಂದ ಸ್ವಲ್ಪ ತಡೆಯಬಹುದಿತ್ತೇನೋ ಎಂದರು. ಮಳೆಗಾಲದಲ್ಲಿ ಅಮ್ಮ ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ.

ಉತ್ತರಕ್ರಿಯೆಯ ಊಟ ಡೊಂಬಿವಲಿಯ ಒಂದು ಹಾಲ್‌ನಲ್ಲಿ. ನನ್ನ ಅಕ್ಕ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಮ್ಮನನ್ನು ಮಂಗನ ಹಾಗೆ ಕುಣಿಸಿ ಲೈಕ್ ಎಣಿಸ್ತಾ ಕೂತಳಲ್ಲ ಇವಳು. ಕಾಯಿಲೆ ಯಾರ ಕಣ್ಣಿಗೆ ಬೀಳ್ಬೇಕು?"

ಮಗಳು ಸಾರು ಬಡಿಸುತ್ತಿದ್ದಳು. ಬಗ್ಗಿದವಳು ಹಾಗೇ ನನ್ನ ಮುಖ ನೋಡಿದಳು. ನಾನು ಎಲೆ ನೋಡುತ್ತ, "ಇನ್ನೊಂದು ಸೌಟು ಹಾಕು" ಎಂದೆ.

ಕಳೆದ ಭಾನುವಾರ ಅಕ್ಕನಿಗೆ ಫೋನ್ ಮಾಡಿದೆ. ಮಗಳು ಕೇಳಲಿ ಎಂದೇ ಹಾಲ್‌ನಲ್ಲಿ ಕೂತು ಮಾಡಿದೆ. ಡಾಕ್ಟರಿಗೆ ತೋರಿಸಿ ಎಂದು ಬರೆದವರು ಇದ್ದರು, ಮಗಳು ಬಂದು ಕೇಳಿದ್ದಳು, ಅಳಿಸಿಬಿಡು ಎಂದವನು ನಾನು, ಎಂದೆ.

ಅಕ್ಕ, "ನೀನು ಕಳಿಸಿದ ಆ ವಿಡಿಯೊವನ್ನ ನಾನೂ ಸ್ಟೇಟಸ್‌ನಲ್ಲಿ ಇಟ್ಟಿದ್ದೆನಲ್ಲ ಮಾರಾಯ," ಎಂದು ಫೋನ್ ಇಟ್ಟಳು.

ಮಗಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ಮರಾಠಿಯಲ್ಲಿ ಹೇಳಿದಳು, ಇದನ್ನು ಅವತ್ತೇ ಹೇಳಬೇಕಿತ್ತು ಪಪ್ಪಾ, ಎಲ್ಲರ ಎದುರು.

ಹಿರಿಯರಿಗೆ ಎಡೆ ಇಡುವ ದಿನ ಎಲ್ಲರೂ ಇಲ್ಲಿಗೇ ಬರುತ್ತಾರಲ್ಲ, ಆಗ ಹೇಳುತ್ತೇನೆ ಎಂದೆ.

"ಬಘೂ," ಎಂದಳು. ನೋಡೋಣ ಎಂದು. ನನ್ನ ಅಂಗಿಗಳನ್ನು ಬೇರೆ ಮಾಡಿ ಕುರ್ಚಿಯ ಮೇಲಿಟ್ಟು ಒಳಗೆ ಹೋದಳು.