ಅತ್ತೆಯ ರೊಟ್ಟಿ, ಸಾಹೇಬರ ಕೆಮ್ಮು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಪರಿಹಾರದ ವಿಚಾರಣೆಗೆ ಕರೆಯಲು ಸರಕಾರ ಫೋನ್ ಮಾಡಿದಾಗ ನಮ್ಮ ಸೋದರತ್ತೆ ಸರಕಾರವನ್ನೇ ಮಂಗ್ಯಾ ಎಂದು ಬೈದು ಫೋನ್ ಇಟ್ಟಳು. ಅದಕ್ಕೆ ಕಾರಣ ನಾನು.

ನನಗೆ ಬೇರೆಯವರ ದನಿ ತೆಗೆಯುವ ಚಟ. ಶಿರಹಟ್ಟಿ ಬಸ್ಸಿನ ಕಂಡಕ್ಟರ್, ನಮ್ಮಪ್ಪನ ಸೀನು, ಯಾವುದನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಆದರೆ ನಾನು ಮೊದಲು ಕಲಿತದ್ದು ಅತ್ತೆ ರೊಟ್ಟಿ ಬಡಿಯುವ ಸಪ್ಪಳ. ಬೆಟಗೇರಿಯ ನಮ್ಮ ಓಣಿ ಏಳುತ್ತಿದ್ದದ್ದೇ ಅದಕ್ಕೆ. ಎರಡೂ ಅಂಗೈ ಪಟಪಟ ಬೀಳುತ್ತಿದ್ದವು, ನಡುವೆ ಬಳೆ ಕಿಣಿ ಎನ್ನುತ್ತಿತ್ತು, ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತಿತ್ತು. ನಾನು ಹಾಸಿಗೆಯಲ್ಲೇ ತೊಡೆ ಬಡಿದು ಆ ಸಪ್ಪಳ ತೆಗೆದರೆ, ನಿನ್ನ ರೊಟ್ಟಿ ಹರೀತು ನೋಡು ಎಂದು ಒಳಗಿನಿಂದ ಅಣಕಿಸುತ್ತಿದ್ದಳು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅವಳದೇ ರೊಟ್ಟಿ.

ಲಕ್ಷ್ಮೇಶ್ವರದ ಒಂದು ಮದುವೆ ಮನೆಗೆ ರೊಟ್ಟಿ ಕೊಟ್ಟು ಬಸ್ಸಿಗೆ ನಡೆದು ಬರುವಾಗ, ಬೈಕಿನಲ್ಲಿ ಬಂದ ಇಬ್ಬರು ಕೊರಳ ಸರ ಕಿತ್ತುಕೊಂಡು ಅವಳನ್ನು ಕೆಡವಿ ಹೋದರು. ಬಲಗೈ ಮಣಿಕಟ್ಟು ಮುರಿದು ಎಲುಬು ಸೊಟ್ಟಗೆ ಕೂಡಿತು. ಆಪರೇಷನ್ ಮಾಡದೆ ಆ ಕೈ ಇನ್ನು ರೊಟ್ಟಿ ಬಡಿಯದು ಎಂದರು ಗದಗಿನ ಡಾಕ್ಟರು. ಕಳ್ಳರು ಸಿಗಲಿಲ್ಲ. ಸಿಗದಿದ್ದರೂ ಪೆಟ್ಟು ತಿಂದವರಿಗೆ ಸರಕಾರ ಪರಿಹಾರ ಕೊಡುವ ಯೋಜನೆಯಿದೆ ಎಂದು ಠಾಣೆಯಲ್ಲಿ ಒಬ್ಬರು ಹೇಳಿದರು. ಕಾನೂನು ನೆರವಿನ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಆಪರೇಷನ್ ಆ ಪರಿಹಾರದ ದಾರಿಯನ್ನೇ ಕಾಯುತ್ತಿತ್ತು.

ಅಲ್ಲಿಯತನಕ ಮನೆಯ ಮಟ್ಟಿಗೆ ನಾನು ಹಿಟ್ಟು ನಾದಿಕೊಡುವುದು, ಅವಳು ಎಡಗೈಯಲ್ಲಿ ತಟ್ಟುವುದು. ನನ್ನ ಹಿಟ್ಟು ಗೋಡೆಗೆ ಮೆತ್ತಲು ಚಲೋ ಎನ್ನುತ್ತಿದ್ದಳು.

ಆ ಕಚೇರಿಯ ಸಾಹೇಬರಿಗೆ ಪ್ರತಿ ಮಾತಿಗೂ ಮುಂಚೆ ಒಂದು ಕೆಮ್ಮು. ಅದನ್ನು ನಾನು ಹಾಗೇ ಕಿಸೆಯಲ್ಲಿ ಹಾಕಿಕೊಂಡು ಬಂದಿದ್ದೆ. ನಾನು ಕೆಲಸ ಮಾಡುವ ಮುಂಡರಗಿಯ ಮೊಬೈಲ್ ಅಂಗಡಿಯ ಹೊಸ ಸಿಮ್ಮಿನಿಂದ ಒಂದು ದಿನ ಅತ್ತೆಗೆ ಫೋನ್ ಹಚ್ಚಿ, ಕೆಮ್ಮಿ, "ತಾಯಾರ, ನಿಮ್ಮ ಪರಿಹಾರ ಮಂಜೂರ್ ಆತು" ಎಂದೆ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಸಂಜೆ ಅವಳೆದುರು ನಿಂತು ಮತ್ತೆ ಕೆಮ್ಮಿದೆ. ಸೊಟ್ಟ ಕೈ ಹಿಡಿದುಕೊಂಡು ನಕ್ಕಳು. ಆಮೇಲೆ ಬರಿದಾದ ಸಕ್ಕರೆ ಡಬ್ಬಿ ತೊಳೆಯುತ್ತ ಬಹಳ ಹೊತ್ತು ಕೂತಳು.

ಮುಂದೆ ಖರೆ ಸಾಹೇಬರೇ ಫೋನ್ ಮಾಡಿ ವಿಚಾರಣೆಗೆ ಕರೆದರು. "ಲೇ ಮಂಗ್ಯಾ, ಈ ಸಲ ಕೆಮ್ಮು ಚಲೋ ಬಂದೈತಿ" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಕಡೆಗೆ ಕಚೇರಿಯ ಜವಾನ ಮನೆಗೇ ಬಂದು, ಈ ಸಲವೂ ಬಾರದಿದ್ದರೆ ಅರ್ಜಿ ಮುಚ್ಚಿಹೋಗುತ್ತದೆ ಎಂದಾಗ ಅತ್ತೆಯನ್ನು ಕರೆದುಕೊಂಡು ನಾನೇ ವಿಚಾರಣೆಗೆ ಹೋದೆ.

ಸಾಹೇಬರ ಮುಂದೆ ಎಲ್ಲ ಒಪ್ಪಿಕೊಂಡೆ. ಎಲ್ಲಿ, ನನ್ನ ದನಿ ತೆಗಿ ನೋಡೋಣ ಎಂದರು. ಬಂದದ್ದು ನನ್ನದೇ ಕೆಮ್ಮು, ಅದೂ ಅರ್ಧ. ಅವರು ಅತ್ತೆಯ ಕಡೆ ತಿರುಗಿ, ಈಗ ಕೈ ಹೇಗಿದೆ, ಕೆಲಸಕ್ಕೆ ಏನು ತೊಂದರೆ ಎಂದು ಕೇಳಿದರು. ಅತ್ತೆ ನನ್ನನ್ನು ತೋರಿಸಿದಳು. "ನಾ ಹೇಳಿದ್ರ ತಿಳ್ಯಾಂಗಿಲ್ರಿ. ಇವನ ಕಡಿಂದ ಕೇಳ್ರಿ."

ಮೇಜಿನ ಮೇಲೆ ಮೊದಲು ಹಳೆಯ ರೊಟ್ಟಿ ಬಡಿದೆ, ಎರಡೂ ಕೈಯಲ್ಲಿ, ಬಳೆಗೆ ನಾಲಿಗೆಯ ಕಿಣಿ ಸೇರಿಸಿ. ಆಮೇಲೆ ಈಗಿನದು: ಎಡಗೈ ಒಂದು ಸಲ ಪಟ್, ಬಲಗೈ ಮೇಜು ಸವರಿ ನಿಲ್ಲುತ್ತದೆ, ಮತ್ತೆ ಪಟ್. ಸಾಹೇಬರು ಬರೆದುಕೊಳ್ಳುವಾಗ ಕೆಮ್ಮಲಿಲ್ಲ.

ಮಂಜೂರಾತಿ ಟಪಾಲಿನಲ್ಲಿ ಬಂತು. ಆಪರೇಷನ್ ಆಯಿತು. ಅತ್ತೆ ಈಗ ಮತ್ತೆ ಬಡಿಯುತ್ತಾಳೆ, ಆದರೆ ಸಪ್ಪಳ ನಿಧಾನ. ಆ ಹಳೆಯದು ಓಣಿಯಲ್ಲಿ ಎಲ್ಲೂ ಇಲ್ಲ, ನನ್ನ ತೊಡೆಯ ಮೇಲಷ್ಟೇ ಇದೆ. ಒಮ್ಮೊಮ್ಮೆ ಅವಳೇ ಬಡಿ ಎನ್ನುತ್ತಾಳೆ. ಕಣ್ಣು ಮುಚ್ಚಿ ಕೇಳುತ್ತಾಳೆ.

ಆದೇಶದ ಇನ್ನೊಂದು ಪ್ರತಿಗೆಂದು ಕಚೇರಿಗೆ ಹೋದಾಗ, ಫೋನ್ ಬಿಟ್ಟು ಟಪಾಲು ಯಾಕೆ ಸಾಹೇಬ್ರ ಎಂದು ಕೇಳಿದೆ. ಮೊದಲು ಫೋನೇ ಮಾಡಿದ್ದರಂತೆ. ಅತ್ತೆ ಏನಂದಳು ಎಂದೆ. ಸಾಹೇಬರು ಬಾಗಿಲ ಕಡೆ ನೋಡಿ, ಕೆಮ್ಮಿ, ನನಗಿಂತ ಚಲೋ ಅತ್ತೆಯ ದನಿ ತೆಗೆದು ಅವಳ ಮಾತನ್ನು ಇದ್ದ ಹಾಗೇ ಹೇಳಿದರು:

"ಖರೆ ಸಾಹೇಬ್ರ ಇದ್ರ ಟಪಾಲಿಗೆ ಹಾಕ್ರಿ. ನಮ್ಮ ಅಳಿಯಾ ಇದ್ರ ಜಲ್ದಿ ಮನಿಗೆ ಬಾ, ಹಿಟ್ಟು ನಾದೂದೈತಿ."