ರದ್ದಿ ಅಕ್ಕನ ವಾರ್ಮರ್

ಬೆಳಕು ಇನ್ನೂ ಬೀದಿಗಿಳಿದಿಲ್ಲ. ಕೈಗಾಡಿಯ ಚಕ್ರದ ಕಿರುಗುಟ್ಟುವಿಕೆ ಮಾತ್ರ ಇಳಿದಿದೆ. ಅಡ್ಡರಸ್ತೆಯ ಮೊದಲ ಗೇಟಿನೆದುರು ರದ್ದಿ ಅಕ್ಕ ಮಂಡಿಯೂರಿ ಹಳೆಯ ಪತ್ರಿಕೆಗಳ ಕಟ್ಟನ್ನು ಹುರಿಯಿಂದ ಬಿಗಿಯುತ್ತಿದ್ದಾರೆ. ಮೇಲಿನ ಹಾಳೆಯಲ್ಲಿ ಯಾರೋ ಗಣ್ಯರು ಕತ್ತರಿ ಹಿಡಿದು ನಗುತ್ತಿದ್ದಾರೆ. ಅಕ್ಕ ಆ ಹಾಳೆಯನ್ನು ಮಗುಚಿ ಹಾಕುತ್ತಾರೆ.

"ಬೆಳಿಗ್ಗೆ ಬೆಳಿಗ್ಗೆ ಈ ಹಲ್ಲು ನೋಡೋಕಾಗಲ್ಲ ನನಗೆ."

"ಪೇಪರ್ ಮೇಲೆ ಸಿಟ್ಟು ಮಾಡ್ಕೊಂಡ್ರೆ ತೂಕ ಜಾಸ್ತಿ ಬರುತ್ತಾ? ಬೇಗ ಕಟ್ಟಕ್ಕಾ," ಎಂದು ಗಾಡಿ ಹಿಡಿದು ನಿಂತ ತಂಗಿ ಕಿಚಾಯಿಸುತ್ತಾಳೆ.

ಸಿಟ್ಟಿಗೆ ಕಾರಣವಿದೆ. ಅಕ್ಕ ಮೂವತ್ತೊಂದು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಅಲ್ಲಿದ್ದದ್ದು ಒಂದೇ. ಎರಡನೆಯ ಕೂಸು ಬಂದರೆ ಅದಕ್ಕೆ ಹತ್ತಿಯ ಪದರ, ಅಮ್ಮನ ಎದೆ. ಅಮ್ಮನಿಗೆ ಎಚ್ಚರವಿಲ್ಲದಿದ್ದರೆ ಅಕ್ಕನ ಎದೆ.

"ಮುಟ್ಟಿದ್ರೆ ಸಾಕು, ಗೊತ್ತಾಗುತ್ತೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ರೆ, ಮಗು ಚಳಿ ಜೊತೆ ಗುದ್ದಾಡ್ತಿದೆ ಅಂತ. ಎರಡೂ ತಣ್ಣಗಾದ್ರೆ..." ಅಕ್ಕ ಕಟ್ಟಿಗೆ ಹುರಿಯ ಇನ್ನೊಂದು ಸುತ್ತು ಹಾಕುತ್ತಾರೆ.

ಎರಡನೆಯ ಯಂತ್ರ ಕೊಡಿ ಎಂದು ಮೇಲಿನ ಕಚೇರಿಗೆ ಬರೆದ ಅರ್ಜಿಗಳು ಎಲ್ಲಿ ಹೋದವೋ. ಬಹುಶಃ ಯಾರದೋ ರದ್ದಿಗೆ. ರದ್ದಿ ಮಾರಿಯಾದರೂ ಆ ಯಂತ್ರ ತರುತ್ತೇನೆಂದು ನಿವೃತ್ತಿಯ ಮರುದಿನವೇ ಅಕ್ಕ ಗಾಡಿ ಹಿಡಿದರು. ಜೊತೆಗೆ ತಂಗಿ, ಮತ್ತೆ ನಾಲ್ವರು ನಿವೃತ್ತ ಆಯಾಗಳು. ಯಾರಿಗೂ ಕೂಲಿಯಿಲ್ಲ. ದಿನಕ್ಕೆ ನೂರಿಪ್ಪತ್ತು ಮನೆ, ಮೂವತ್ತು ಕಿಲೊ ಕಾಗದ, ಊದಿಕೊಂಡ ಎರಡು ಮಂಡಿ.

"ಆಸ್ಪತ್ರೆ ಹೆಸರಲ್ಲಿ ಹೊಟ್ಟೆ ಹೊರೀತಿದಾಳೆ ಅಂದ್ರು ಜನ. ಕೇಳಿಸ್ಕೊಂಡೆ. ಪೇಪರ್ ಮಾತ್ರ ಬಿಡಲಿಲ್ಲ."

ಐದನೆಯ ವರ್ಷ, ರದ್ದಿ ಮಾರಿದ ದುಡ್ಡಿನಲ್ಲಿ ವಾರ್ಮರ್ ಬಂತು. ಬಂದದ್ದು ವಾರ್ಡಿಗಲ್ಲ, ಉಗ್ರಾಣಕ್ಕೆ. ಕಂಪನಿಯವರು ಜೋಡಿಸಿ, ಪರೀಕ್ಷಿಸಿ ಹೋದರು. ಆದರೆ ಉದ್ಘಾಟನೆಗೆ ಮುಖ್ಯ ಅತಿಥಿ ಬೇಕಂತೆ, ಅತಿಥಿಗೆ ಪುರುಸೊತ್ತಿಲ್ಲವಂತೆ. ಪ್ಲಾಸ್ಟಿಕ್ ಹೊದ್ದು, ಕೆಂಪು ರಿಬ್ಬನ್ ಸುತ್ತಿಸಿಕೊಂಡು, ಯಾರನ್ನೂ ಬೆಚ್ಚಗಿಡದೆ ಅದು ಹತ್ತೊಂಬತ್ತು ದಿನ ನಿಂತಿತು. ಸಮಾರಂಭದ ದಿನಾಂಕ ಮೂರು ಸಲ ಮುಂದಕ್ಕೆ ಹೋಯಿತು. ಹೊಟ್ಟೆಯೊಳಗಿನ ಕೂಸಿಗೆ ಮಾತ್ರ ದಿನಾಂಕ ಮುಂದೂಡುವ ವಿದ್ಯೆ ಗೊತ್ತಿರಲಿಲ್ಲ.

ಇಪ್ಪತ್ತನೆಯ ಬೆಳಿಗ್ಗೆ ಆಸ್ಪತ್ರೆಯ ಖಾಲಿ ರಟ್ಟುಗಳನ್ನು ಒಯ್ಯಲು ಹೋದ ಅಕ್ಕ ವಾರ್ಡಿಗೆ ಇಣುಕಿದರು. ಹಳೆಯ ವಾರ್ಮರಿನಲ್ಲಿ ಒಂದು ಕೂಸು. ಪಕ್ಕದಲ್ಲಿ, ಬರೀ ಬಟ್ಟೆಯಲ್ಲಿ, ಇನ್ನೊಂದು. ಅಕ್ಕ ಅದರ ಪಾದ ಮುಟ್ಟಿದರು.

"ಸಿಸ್ಟರ್, ಹೊಟ್ಟೆ ಮುಟ್ಟಿ ನೋಡಿದ್ರಾ?"

"ನೋಡಿದೆ ಅಕ್ಕ. ಇನ್ನೂ ಬಿಸಿ ಇದೆ. ಎಷ್ಟೊತ್ತು ಇರುತ್ತೋ. ಉಗ್ರಾಣದ ಬೀಗ ತೆಗೆದ್ರೆ ನನ್ನ ಕೆಲಸ ಹೋಗುತ್ತೆ."

"ನಂದು ಹೋಗಿ ಐದು ವರ್ಷ ಆಯ್ತು. ಕೀಲಿ ಕೊಡಿ."

ಹುರಿ ಕೊಯ್ಯುವ ತುಕ್ಕುಚಾಕುವಿನಿಂದ ಅಕ್ಕ ರಿಬ್ಬನ್ ಕೊಯ್ದರು. ಚಪ್ಪಾಳೆ ಬೀಳಲಿಲ್ಲ. ಯಂತ್ರ ವಾರ್ಡಿಗೆ ಬಂತು, ಬಿಸಿಯಾಯಿತು. ನರ್ಸು ಕೂಸನ್ನು ಅದರೊಳಗೆ ಮಲಗಿಸಿದರು. ನಿಧಾನವಾಗಿ, ಬೆರಳು ಬೆರಳಾಗಿ, ಪಾದದ ನೀಲಿ ಇಳಿಯಿತು.

ಆಗ ದೊಡ್ಡ ಡಾಕ್ಟರು ಧಾವಿಸಿ ಬಂದರು. "ಯಾರನ್ನ ಕೇಳಿ ತೆಗೆದ್ರಿ ಇದನ್ನ? ಮುಖ್ಯ ಅತಿಥಿಗೆ ನಾನೇನು ಹೇಳಲಿ?"

"ಮುಖ್ಯ ಅತಿಥಿ ಆಗಲೇ ಬಂದಾಯ್ತು ಡಾಕ್ಟ್ರೇ. ತೂಕ ಒಂದೂಮುಕ್ಕಾಲು ಕಿಲೊ. ಸ್ವಲ್ಪ ಮೆತ್ತಗೆ ಮಾತಾಡಿ, ಮಲಗಿದಾರೆ."

ಆ ಕೂಸು ಈಗ ಮನೆ ಸೇರಿದೆ. ಅಕ್ಕನಿಗೆ ಮಾತ್ರ ವಾರ್ಡಿನೊಳಗೆ ಪ್ರವೇಶವಿಲ್ಲ. ಬಾಗಿಲಿಗೆ ನೋಟಿಸು ಅಂಟಿದೆ. ಮುಂದಿನ ವಾರ ಅದೇ ಯಂತ್ರಕ್ಕೆ ಹೊಸ ರಿಬ್ಬನ್ ಕಟ್ಟಿ ಸಮಾರಂಭ ಮಾಡುತ್ತಾರಂತೆ. ಆಹ್ವಾನಪತ್ರಿಕೆಯಲ್ಲಿ ಹನ್ನೊಂದು ಹೆಸರುಗಳಿವೆ. ಗಾಡಿ ತಳ್ಳಿದ ಆರು ಹೆಂಗಸರಲ್ಲಿ ಒಬ್ಬರದೂ ಇಲ್ಲ.

"ಗಟ್ಟಿ ಕಾಗದ ಅಕ್ಕ, ತೂಕಕ್ಕೆ ಚೆನ್ನಾಗಿದೆ," ಎಂದು ತಂಗಿ ಆ ಆಹ್ವಾನಪತ್ರಿಕೆಯನ್ನೂ ಕಟ್ಟಿಗೆ ತುರುಕುತ್ತಾಳೆ.

ಅಕ್ಕ ನಗುವುದಿಲ್ಲ. ಹುರಿಯ ಗಂಟನ್ನು ಹಲ್ಲಿನಿಂದ ಬಿಗಿದು ಏಳುತ್ತಾರೆ.

"ಎಷ್ಟು ಬೇಕೋ ಅಷ್ಟು ರಿಬ್ಬನ್ ಕತ್ತರಿಸ್ಲಿ, ಫೋಟೊ ತೆಗೆಸ್ಕೊಳ್ಲಿ. ಆ ಹೊತ್ತಿಗೆ ಒಳಗೆ ಮಗು ಇದ್ರೆ, ಅದನ್ನ ಎತ್ತಿ ಪಕ್ಕಕ್ಕೆ ಇಡೋದು ಮಾತ್ರ ಬೇಡ. ನನಗೆ ಅಷ್ಟು ಸಾಕು."